ನಡುಕವೆಲ್ಲ ಮುಪ್ಪಲ್ಲ: ಪಾರ್ಕಿನ್ಸನ್ ರೋಗವನ್ನು ಗುರುತಿಸುವ ಹಾಗೂ ಉಪಚರಿಸುವ ಬಗೆ

ಮನೆಯ ಹಿರಿಯರೊಬ್ಬರ ಕೈ ನಡುಗತೊಡಗಿದಾಗ, ನಡಿಗೆ ನಿಧಾನವಾದಾಗ, "ವಯಸ್ಸಾಯಿತು, ಇನ್ನೇನು ಮಾಡಲಾದೀತು" ಎಂದು ಸುಮ್ಮನಾಗುವುದು ನಮ್ಮ ಹಳ್ಳಿಗಳಲ್ಲಿ ವಾಡಿಕೆಯಾಗಿದೆ. ಕೆಲವರು ಅದನ್ನು ಗಾಳಿ ಸೋಕಿದ್ದೆಂದೂ ದೇವರ ಮುನಿಸೆಂದೂ ಭಾವಿಸಿ ಹರಕೆ, ತಾಯಿತಗಳಿಗೆ ಹಣ ವ್ಯಯಿಸುತ್ತಾರೆ. ಹೀಗೆ ವರ್ಷಗಳು ಕಳೆಯುತ್ತವೆ. ಚಿಕಿತ್ಸೆಯಿಂದ ತಮ್ಮ ಕೆಲಸವನ್ನು ತಾವೇ ಮಾಡಿಕೊಂಡು ಇರಬಹುದಾಗಿದ್ದವರು ಮನೆಯ ಮೂಲೆ ಸೇರುತ್ತಾರೆ.

ನಾನು ಸೇವೆ ಸಲ್ಲಿಸುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಮ್ಮೆ ೫೮ ವರ್ಷದ ರೈತರೊಬ್ಬರನ್ನು ಅವರ ಪತ್ನಿ ಕರೆತಂದರು. ಬಲ ಭುಜದ ನೋವೆಂದು ಒಂದು ವರ್ಷದಿಂದ ಎಣ್ಣೆ ಹಚ್ಚಿಸಿ, ಸೂಜಿ ಚುಚ್ಚಿಸಿ ಆಗಿತ್ತು. ನೋವು ಹೋಗಿರಲಿಲ್ಲ. ರೋಗಿ ಹೆಚ್ಚು ಮಾತನಾಡಲಿಲ್ಲ. ಆಕೆಯೇ ಹೇಳಿದರು: "ನಡೆಯುವಾಗ ಇವರ ಬಲಗೈ ಬೀಸುವುದೇ ಇಲ್ಲ ಡಾಕ್ಟರೇ. ಹಾಲು ಕರೆಯಲು ಕುಳಿತರೆ ಮೊದಲಿನ ಎರಡರಷ್ಟು ಹೊತ್ತು ಹಿಡಿಯುತ್ತದೆ. ಮುಖದಲ್ಲಿ ನಗುವಿಲ್ಲ. ನನ್ನ ಮೇಲೆ ಏನೋ ಸಿಟ್ಟಿರಬೇಕೆಂದು ನಾನು ಎರಡು ವರ್ಷ ಒಳಗೊಳಗೇ ಕೊರಗಿದೆ." ಅದು ಸಿಟ್ಟಾಗಿರಲಿಲ್ಲ, ಸೋಮಾರಿತನವೂ ಆಗಿರಲಿಲ್ಲ. ಅದು ಪಾರ್ಕಿನ್ಸನ್ ರೋಗವಾಗಿತ್ತು. ರೋಗದ ಗುರುತನ್ನು ಮೊದಲು ಕಂಡವರು ವೈದ್ಯರಲ್ಲ, ಜೊತೆಯಲ್ಲಿ ಬಾಳಿದ ಹೆಂಡತಿ.

ಈ ರೋಗದ ವಿಷಯದಲ್ಲಿ ಗಂಡ ಹೆಂಡಿರು ತಿಳಿದಿರಬೇಕಾದ ಮಾತುಗಳನ್ನು ಇಲ್ಲಿ ವಿವರಿಸಲಾಗಿದೆ. ರೋಗವು ನಿಮ್ಮ ತಂದೆತಾಯಿಗಳಿಗೋ ಅತ್ತೆಮಾವಂದಿರಿಗೋ ಬರಬಹುದು. ನಿಮ್ಮಿಬ್ಬರಲ್ಲಿ ಒಬ್ಬರಿಗೂ ಬರಬಹುದು.

ರೋಗವೆಂದರೇನು?

ನಮ್ಮ ಕೈಕಾಲುಗಳು ಸರಾಗವಾಗಿ ಚಲಿಸಬೇಕಾದರೆ ಮಿದುಳಿನಿಂದ ಸರಿಯಾದ ಆಜ್ಞೆ ಹೊರಡಬೇಕು. ಮಿದುಳಿನ ಆಳದಲ್ಲಿ ಕಪ್ಪು ಬಣ್ಣದ ಒಂದು ಚಿಕ್ಕ ಭಾಗವಿದೆ. ಅಲ್ಲಿನ ಜೀವಕೋಶಗಳು ಡೋಪಮಿನ್ ಎಂಬ ರಾಸಾಯನಿಕ ವಸ್ತುವನ್ನು ತಯಾರಿಸುತ್ತವೆ. ಬಂಡಿಯ ಕೀಲಿಗೆ ಎಣ್ಣೆ ಹೇಗೋ, ಚಲನೆಗೆ ಡೋಪಮಿನ್ ಹಾಗೆ. ಈ ಜೀವಕೋಶಗಳು ಕ್ರಮೇಣ ನಶಿಸುತ್ತ ಹೋದಂತೆ ಡೋಪಮಿನ್ ಕಡಿಮೆಯಾಗುತ್ತದೆ. ಆಗ ಶರೀರದ ಚಲನೆ ಬಿಗಿಯಾಗುತ್ತದೆ, ನಿಧಾನವಾಗುತ್ತದೆ, ನಡುಕ ಹುಟ್ಟುತ್ತದೆ. ಇದೇ ಪಾರ್ಕಿನ್ಸನ್ ರೋಗ. ನಮ್ಮಲ್ಲಿ ಇದಕ್ಕೆ ಅದುರುವಾಯು, ಕಂಪವಾತ ಎಂಬ ಹೆಸರುಗಳೂ ಇವೆ.

ಲಂಡನ್ ನಗರದ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯರು ೧೮೧೭ರಲ್ಲಿ ಇಂತಹ ಆರು ಜನರ ಲಕ್ಷಣಗಳನ್ನು ವಿವರಿಸಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅವರ ಹೆಸರೇ ರೋಗಕ್ಕೆ ಬಂದಿತು. ಅವರ ಜನ್ಮದಿನವಾದ ಏಪ್ರಿಲ್ ೧೧ನ್ನು ಈ ರೋಗದ ಬಗ್ಗೆ ಅರಿವು ಮೂಡಿಸುವ ದಿನವನ್ನಾಗಿ ಪ್ರಪಂಚದಾದ್ಯಂತ ಆಚರಿಸುತ್ತಾರೆ. ಆದರೆ ನೂರು ವರ್ಷಕ್ಕೂ ಮೇಲ್ಪಟ್ಟು ರೋಗದ ಮೂಲವು ಸ್ಪಷ್ಟವಾಗಿರಲಿಲ್ಲ. ೧೯೬೦ರಲ್ಲಿ ವಿಯೆನ್ನಾ ನಗರದ ವಿಜ್ಞಾನಿಗಳು ಈ ರೋಗಿಗಳ ಮಿದುಳಿನಲ್ಲಿ ಡೋಪಮಿನ್ ಕೊರತೆ ಇರುವುದನ್ನು ತೋರಿಸಿಕೊಟ್ಟರು. ೧೯೬೭ರಲ್ಲಿ ಅಮೆರಿಕದ ಡಾ. ಜಾರ್ಜ್ ಕೋಟ್ಜಿಯಾಸ್ ಅವರು, ಶರೀರದಲ್ಲಿ ಡೋಪಮಿನ್ ಆಗಿ ಮಾರ್ಪಡುವ ಔಷಧಿಯನ್ನು ಬಾಯಿಯ ಮೂಲಕ ಕೊಟ್ಟು ರೋಗಿಗಳು ಸುಧಾರಿಸುವುದನ್ನು ವರದಿ ಮಾಡಿದರು. ಅಂದಿನಿಂದ ಈ ರೋಗವು ಉಪಚಾರಕ್ಕೆ ಒಳಪಡುವ ರೋಗವಾಗಿದೆ.

ಯಾರಿಗೆ ಬರುತ್ತದೆ?

ಸಾಮಾನ್ಯವಾಗಿ ಇದು ೫೦ ವರ್ಷ ದಾಟಿದವರಿಗೆ ಬರುತ್ತದೆ. ವಯಸ್ಸು ಏರಿದಂತೆ ಸಂಭವ ಹೆಚ್ಚು. ೬೦ ವರ್ಷ ಮೀರಿದ ನೂರು ಜನರಲ್ಲಿ ಸುಮಾರು ಒಬ್ಬರಿಗೆ ಈ ರೋಗವಿರುತ್ತದೆಂದು ಅಂದಾಜು ಮಾಡಲಾಗಿದೆ. ಸ್ತ್ರೀಯರಿಗಿಂತ ಪುರುಷರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ೪೦ ವರ್ಷಕ್ಕೆ ಮೊದಲೇ ಬರುವುದು ಅಪರೂಪ, ಆದರೆ ಅಸಂಭವವಲ್ಲ.

ಇದು ಅಂಟುರೋಗವಲ್ಲ. ರೋಗಿಯ ಜೊತೆ ಉಣ್ಣುವುದರಿಂದ, ಒಟ್ಟಿಗೆ ಮಲಗುವುದರಿಂದ, ಬಟ್ಟೆ ಒಗೆಯುವುದರಿಂದ ಮತ್ತೊಬ್ಬರಿಗೆ ಹರಡುವುದಿಲ್ಲ. ಹಿಂದೆ ಮಾಡಿದ ಯಾವ ತಪ್ಪಿನ ಫಲವೂ ಇದಲ್ಲ.

ಬಹುಪಾಲು ರೋಗಿಗಳಲ್ಲಿ ಇದು ವಂಶಪಾರಂಪರ್ಯವಾಗಿ ಬಂದದ್ದಲ್ಲ. ತಂದೆಯ ಕೈ ನಡುಗುತ್ತದೆಂಬ ಕಾರಣಕ್ಕೆ ಮಗಳ ಸಂಬಂಧ ಮುರಿಯುವವರೂ ಉಂಟು. ಇದು ಅನ್ಯಾಯ. ಆದರೆ ರೋಗವು ಚಿಕ್ಕ ವಯಸ್ಸಿನಲ್ಲಿಯೇ ಬಂದಿದ್ದರೆ, ಅಥವಾ ಒಂದೇ ಮನೆತನದ ಹಲವರಿಗೆ ಬಂದಿದ್ದರೆ ವಂಶವಾಹಿ ದೋಷ ಇರುವುದು ಸಾಧ್ಯ. ಅಂತಹ ಕೆಲವು ದೋಷಗಳು ತಂದೆತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಮಗುವಿಗೆ ರೋಗ ತರುತ್ತವೆ. ಆದಕಾರಣ ಅಂತಹ ಮನೆತನಗಳಲ್ಲಿ ಸೋದರಮಾವ ಸೊಸೆಯ ನಡುವೆ ಅಥವಾ ಅತ್ತೆ ಮಾವಂದಿರ ಮಕ್ಕಳ ನಡುವೆ ಮದುವೆ ಗೊತ್ತು ಮಾಡುವ ಮೊದಲು ವೈದ್ಯರ ಸಲಹೆ ಪಡೆಯುವುದು ಉಚಿತ.

ಕೀಟನಾಶಕ ಹಾಗೂ ಕಳೆನಾಶಕಗಳ ಸಂಪರ್ಕಕ್ಕೆ ದೀರ್ಘಕಾಲ ಒಳಗಾದವರಲ್ಲಿ ಈ ರೋಗದ ಸಂಭವ ಹೆಚ್ಚೆಂದು ಹಲವು ಅಧ್ಯಯನಗಳು ತಿಳಿಸಿವೆ. ಔಷಧಿ ಸಿಂಪಡಿಸಿದವರಿಗೆಲ್ಲ ರೋಗ ಬರುತ್ತದೆಂದು ಇದರ ಅರ್ಥವಲ್ಲ. ಆದರೂ ಸಿಂಪಡಿಸುವಾಗ ಕೈಚೀಲ, ಮುಖವಸ್ತ್ರ, ತುಂಬುತೋಳಿನ ಅಂಗಿ ಧರಿಸುವುದು, ಗಾಳಿಗೆದುರಾಗಿ ನಿಲ್ಲದಿರುವುದು, ಕೆಲಸ ಮುಗಿದೊಡನೆ ಸ್ನಾನ ಮಾಡುವುದು, ಖಾಲಿ ಡಬ್ಬಗಳನ್ನು ನೀರು ಕಾಳಿಗೆ ಬಳಸದಿರುವುದು ಎಲ್ಲ ರೀತಿಯಿಂದಲೂ ಕ್ಷೇಮ.

ಗುರುತಿಸುವುದು ಹೇಗೆ?

ರೋಗದ ಮುಖ್ಯ ಲಕ್ಷಣಗಳು ನಾಲ್ಕು.

೧. ನಿಧಾನಗತಿ. ಇದೇ ಎಲ್ಲಕ್ಕಿಂತ ಮುಖ್ಯವಾದ ಲಕ್ಷಣ. ಅಂಗಿಯ ಗುಂಡಿ ಹಾಕುವುದು, ಪಂಚೆ ಉಡುವುದು, ಸೀರೆಯ ನೆರಿಗೆ ಹಿಡಿಯುವುದು, ರೊಟ್ಟಿ ತಟ್ಟುವುದು, ಹಾಲು ಕರೆಯುವುದು ಇವೆಲ್ಲ ನಿಧಾನವಾಗುತ್ತವೆ. ಬರವಣಿಗೆ ಚಿಕ್ಕದಾಗುತ್ತದೆ. ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲವೆಂದು ಹಿಂದಕ್ಕೆ ಕಳುಹಿಸಿದಾಗಲೇ ಕೆಲವು ಮನೆಗಳಲ್ಲಿ ಇದು ಗಮನಕ್ಕೆ ಬರುತ್ತದೆ. ಮುಖದಲ್ಲಿ ಭಾವನೆಗಳು ಮೂಡುವುದು ಕಡಿಮೆಯಾಗುತ್ತದೆ, ರೆಪ್ಪೆ ಮಿಟುಕಿಸುವುದು ವಿರಳವಾಗುತ್ತದೆ, ಧ್ವನಿ ಕ್ಷೀಣಿಸುತ್ತದೆ.

೨. ನಡುಕ. ಸಾಮಾನ್ಯವಾಗಿ ಒಂದೇ ಕೈಯಲ್ಲಿ ಆರಂಭವಾಗುತ್ತದೆ. ಕೈಯನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡಿರುವಾಗ ಹೆಬ್ಬೆರಳು ಮತ್ತು ತೋರುಬೆರಳು ಹೂಬತ್ತಿ ಹೊಸೆಯುವಂತೆ ಆಡುತ್ತವೆ. ಕೈಯಿಂದ ಏನನ್ನಾದರೂ ಹಿಡಿದಾಗ ನಡುಕ ಕಡಿಮೆಯಾಗುತ್ತದೆ, ನಿದ್ರೆಯಲ್ಲಿ ನಿಲ್ಲುತ್ತದೆ. ಆದರೆ ಎಲ್ಲ ರೋಗಿಗಳಿಗೂ ನಡುಕ ಇರುವುದಿಲ್ಲ. ನಡುಕವಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದು ಹೇಳಲಾಗದು.

೩. ಬಿಗಿತ. ಕೈಕಾಲು, ಕುತ್ತಿಗೆ, ಬೆನ್ನು ಬಿಗಿಯುತ್ತವೆ. ಮಗ್ಗುಲು ಬದಲಿಸುವುದು ಕಷ್ಟವಾಗುತ್ತದೆ. ಭುಜದ ನೋವೆಂದು ಎಣ್ಣೆ ಹಚ್ಚುತ್ತ ಕಾಲ ಕಳೆಯುವುದು ಇದೇ ಘಟ್ಟದಲ್ಲಿ.

೪. ಸಮತೋಲನ ತಪ್ಪುವುದು. ಬೆನ್ನು ಬಾಗುತ್ತದೆ, ಹೆಜ್ಜೆಗಳು ಚಿಕ್ಕವಾಗಿ ನೆಲಕ್ಕೆ ಉಜ್ಜುತ್ತವೆ. ಹೊಸ್ತಿಲ ಬಳಿ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ತಿರುಗುವಾಗ ಬೀಳುವ ಸಂಭವವುಂಟು. ಸಾಮಾನ್ಯವಾಗಿ ಇದು ರೋಗ ಆರಂಭವಾಗಿ ಕೆಲವು ವರ್ಷಗಳಾದ ಮೇಲೆ ಕಾಣುತ್ತದೆ.

ಈ ನಾಲ್ಕಕ್ಕೂ ಹಲವು ವರ್ಷ ಮೊದಲೇ ಕೆಲವು ಸೂಚನೆಗಳು ಕಾಣಬಹುದು. ವಾಸನೆ ತಿಳಿಯುವ ಶಕ್ತಿ ಕುಂದುತ್ತದೆ. ಒಗ್ಗರಣೆ ಸೀದರೂ ಗೊತ್ತಾಗುವುದಿಲ್ಲ. ಮಲಬದ್ಧತೆ ಬಹುಕಾಲ ಕಾಡುತ್ತದೆ. ನಿದ್ರೆಯಲ್ಲಿ ಕನಸಿಗೆ ತಕ್ಕಂತೆ ಕೂಗುವುದು, ಕೈ ಬೀಸುವುದು, ಒದೆಯುವುದು ಉಂಟಾಗುತ್ತದೆ. ಮನಸ್ಸು ಕುಗ್ಗುತ್ತದೆ. ಇವು ಬೇರೆ ಕಾರಣಗಳಿಂದಲೂ ಬರುವುದರಿಂದ ಇವುಗಳನ್ನು ಕಂಡೊಡನೆ ಹೆದರಬೇಕಾಗಿಲ್ಲ. ಆದರೆ ನಿಧಾನಗತಿಯೂ ಜೊತೆಗೆ ಕೂಡಿದಾಗ ಅಲಕ್ಷ್ಯ ಮಾಡಬಾರದು. ರಾತ್ರಿಯ ಒದೆತವನ್ನು ಬಲ್ಲವರು ಪಕ್ಕದಲ್ಲಿ ಮಲಗಿದ ಪತಿ ಅಥವಾ ಪತ್ನಿ ಮಾತ್ರ. ನಾಚಿಕೆಪಡದೆ ವೈದ್ಯರಿಗೆ ತಿಳಿಸಿರಿ.

ಮನೆಯಲ್ಲಿಯೇ ಮೂರು ಸುಲಭ ಪರೀಕ್ಷೆಗಳನ್ನು ಮಾಡಿ ನೋಡಬಹುದು. ಅಂಗಳದಲ್ಲಿ ಇಪ್ಪತ್ತು ಹೆಜ್ಜೆ ನಡೆಯಹೇಳಿ ಎರಡೂ ಕೈಗಳು ಸಮವಾಗಿ ಬೀಸುತ್ತವೆಯೇ ಎಂದು ಗಮನಿಸಿರಿ. ಹೆಬ್ಬೆರಳಿಗೆ ತೋರುಬೆರಳನ್ನು ಬೇಗಬೇಗ ಹತ್ತು ಸಲ ಅಗಲವಾಗಿ ತಟ್ಟಹೇಳಿರಿ. ಹೋಗುತ್ತ ಹೋಗುತ್ತ ತಟ್ಟುವುದು ಕಿರಿದಾಗುತ್ತದೆಯೇ ನೋಡಿರಿ. ಅಕ್ಷರ ಬಲ್ಲವರಾದರೆ ಒಂದೇ ವಾಕ್ಯವನ್ನು ನಾಲ್ಕು ಸಾಲು ಬರೆಯಹೇಳಿರಿ. ಅಕ್ಷರಗಳು ಚಿಕ್ಕವಾಗುತ್ತ ಹೋಗುತ್ತವೆಯೇ ಪರಿಶೀಲಿಸಿರಿ. ಇವು ರೋಗವನ್ನು ನಿರ್ಧರಿಸುವುದಿಲ್ಲ, ವೈದ್ಯರನ್ನು ಕಾಣಬೇಕೆಂಬುದನ್ನು ಮಾತ್ರ ತಿಳಿಸುತ್ತವೆ.

ಎಲ್ಲ ನಡುಕವೂ ಪಾರ್ಕಿನ್ಸನ್ ರೋಗವಲ್ಲ

ಕಾಫಿಯ ಲೋಟ ಹಿಡಿದಾಗ, ಬರೆಯುವಾಗ ಎರಡೂ ಕೈಗಳು ನಡುಗಿ, ಸುಮ್ಮನಿರುವಾಗ ನಡುಗದಿದ್ದರೆ ಅದು ಬೇರೊಂದು ಬಗೆಯ ನಡುಕ. ಅದು ಮನೆತನದಲ್ಲಿ ಹಲವರಿಗೆ ಇರುವುದುಂಟು. ಅದರ ಔಷಧಿಯೂ ಬೇರೆ. ಥೈರಾಯ್ಡ್ ಗ್ರಂಥಿಯ ದೋಷದಿಂದಲೂ, ಮದ್ಯಪಾನದ ಚಟದಿಂದಲೂ ಕೈ ನಡುಗುತ್ತದೆ. ೪೦ ವರ್ಷದೊಳಗಿನವರಲ್ಲಿ ನಡುಕ ಕಂಡರೆ, ಶರೀರದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ರೋಗವಿದೆಯೇ ಎಂದು ಪರೀಕ್ಷಿಸಬೇಕು. ಅದಕ್ಕೆ ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಪ್ರಾಣಾಪಾಯ ತಪ್ಪುತ್ತದೆ. ಇದ್ದಕ್ಕಿದ್ದಂತೆ ಒಂದು ಕಡೆಯ ಕೈಕಾಲು ಸೋತರೆ, ಬಾಯಿ ಓರೆಯಾದರೆ, ಮಾತು ತೊದಲಿದರೆ ಅದು ಲಕ್ವ. ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕೆಲವು ಮಾತ್ರೆಗಳಿಂದಲೇ ಪಾರ್ಕಿನ್ಸನ್ ರೋಗದಂತಹ ಲಕ್ಷಣಗಳು ಬರುತ್ತವೆ. ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್, ತಲೆನೋವಿಗೆ ಕೊಡುವ ಫ್ಲೂನಾರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್ ಹಾಗೂ ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಔಷಧಿಗಳು ಇಂತಹವು. ವೈದ್ಯರು ಹದಿನೈದು ದಿನಕ್ಕೆ ಬರೆದ ತಲೆಸುತ್ತಿನ ಮಾತ್ರೆಯನ್ನು ಅಂಗಡಿಯಿಂದ ಮತ್ತೆ ಮತ್ತೆ ತಂದು ವರ್ಷಗಟ್ಟಲೆ ನುಂಗುವ ಹಿರಿಯರು ನಮ್ಮಲ್ಲಿ ಕಡಿಮೆಯಿಲ್ಲ. ಅಂತಹವರ ಕೈ ನಡುಗಿ ನಡಿಗೆ ಬಿಗಿದಿದ್ದರೆ, ವೈದ್ಯರ ಸಲಹೆಯಂತೆ ಆ ಮಾತ್ರೆಯನ್ನು ನಿಲ್ಲಿಸಿದ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಬಹುಪಾಲು ಜನರು ಸುಧಾರಿಸುತ್ತಾರೆ. ಮಾನಸಿಕ ಕಾಯಿಲೆಯ ಔಷಧಿಯನ್ನು ಮಾತ್ರ ತಾವಾಗಿ ನಿಲ್ಲಿಸಕೂಡದು. ಆಸ್ಪತ್ರೆಗೆ ಬರುವಾಗ ಮನೆಯಲ್ಲಿ ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧಿಗಳನ್ನೂ ಒಂದು ಚೀಲದಲ್ಲಿ ಹಾಕಿ ತನ್ನಿರಿ.

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಅಥವಾ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಿರಿ. ಅಗತ್ಯವಿದ್ದರೆ ಅವರು ಜಿಲ್ಲಾ ಆಸ್ಪತ್ರೆಗೆ, ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗೆ ಪತ್ರ ಕೊಟ್ಟು ಕಳುಹಿಸುತ್ತಾರೆ. ರೋಗಿಯ ನಡಿಗೆ, ಕೈಚಲನೆ, ಬಿಗಿತಗಳನ್ನು ವೈದ್ಯರು ಕಣ್ಣಾರೆ ನೋಡಿ ರೋಗವನ್ನು ನಿರ್ಧರಿಸುತ್ತಾರೆ. ಸಾಮಾನ್ಯ ರಕ್ತಪರೀಕ್ಷೆಯಿಂದ ಇದು ತಿಳಿಯುವುದಿಲ್ಲ. ಮಿದುಳಿನ ಸ್ಕ್ಯಾನ್ ಮಾಡಿಸುವುದು ಬಹುತೇಕ ಬೇರೆ ಕಾಯಿಲೆಗಳಿಲ್ಲವೆಂದು ಖಚಿತಪಡಿಸಿಕೊಳ್ಳುವುದಕ್ಕಾಗಿ. ಆದಕಾರಣ, ಸ್ಕ್ಯಾನ್‌ಗೆ ಹಣವಿಲ್ಲವೆಂದು ವೈದ್ಯರ ಬಳಿಗೆ ಬರುವುದನ್ನೇ ಮುಂದೂಡಬೇಡಿರಿ.

ಚಿಕಿತ್ಸೆ

ಸತ್ಯವನ್ನು ಮೊದಲೇ ಹೇಳಬೇಕು. ನಶಿಸಿದ ಜೀವಕೋಶಗಳನ್ನು ಮರಳಿ ತರುವ ಔಷಧಿ ಇಂದಿಗೂ ಇಲ್ಲ. ರೋಗವು ಮುಂದುವರಿಯುವುದನ್ನು ಪೂರ್ಣವಾಗಿ ತಡೆಯುವ ಔಷಧಿಯೂ ಇಲ್ಲ. ಬೇರುಸಹಿತ ಗುಣಪಡಿಸುತ್ತೇವೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಆದರೆ ಕೊರತೆಯಾದ ಡೋಪಮಿನ್ನನ್ನು ತುಂಬಿಕೊಡುವ ಮಾತ್ರೆಗಳಿವೆ. ಇವುಗಳಿಂದ ಬಹಳ ಜನರು ಹಲವಾರು ವರ್ಷ ಹೊಲ, ಮನೆಯ ಕೆಲಸಗಳನ್ನು ಮಾಡಿಕೊಂಡು ಬಾಳುತ್ತಾರೆ.

ಇವುಗಳಲ್ಲಿ ಮುಖ್ಯವಾದುದು ಲೆವೊಡೋಪಾ ಮತ್ತು ಕಾರ್ಬಿಡೋಪಾ ಸೇರಿದ ಮಾತ್ರೆ. ಲೆವೊಡೋಪಾ ಮಿದುಳನ್ನು ತಲುಪಿ ಡೋಪಮಿನ್ ಆಗುತ್ತದೆ. ಅದು ದಾರಿಯಲ್ಲಿಯೇ ವ್ಯಯವಾಗದಂತೆಯೂ, ಓಕರಿಕೆ ಹೆಚ್ಚಾಗದಂತೆಯೂ ಕಾರ್ಬಿಡೋಪಾ ಕಾಯುತ್ತದೆ. ವೈದ್ಯರು ಅಲ್ಪ ಪ್ರಮಾಣದಿಂದ ಆರಂಭಿಸಿ ಕ್ರಮೇಣ ಹೆಚ್ಚಿಸುತ್ತಾರೆ. ಪ್ರಮಿಪೆಕ್ಸೋಲ್, ರೋಪಿನಿರೋಲ್ ಮುಂತಾದ ಬೇರೆ ಮಾತ್ರೆಗಳನ್ನೂ ವಯಸ್ಸು, ಲಕ್ಷಣಗಳನ್ನು ನೋಡಿ ಕೊಡುವುದುಂಟು. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಎಂಬ ಮಾತ್ರೆಯಿಂದ ವಯಸ್ಸಾದವರಿಗೆ ಮರೆವು, ಗೊಂದಲ, ಮೂತ್ರ ಕಟ್ಟುವಿಕೆ ಉಂಟಾಗಬಹುದು. ಒಬ್ಬರಿಗೆ ಬರೆದ ಮಾತ್ರೆಯನ್ನು ಇನ್ನೊಬ್ಬರು ಸೇವಿಸಬಾರದು.

ಮಾತ್ರೆ ಸೇವಿಸುವಾಗ ಈ ನಿಯಮಗಳನ್ನು ಪಾಲಿಸಿರಿ:

೧. ಪ್ರತಿದಿನವೂ ಗೊತ್ತಾದ ವೇಳೆಗೆ ಸರಿಯಾಗಿ ಕೊಡಬೇಕು. ಮಗ್ಗಿಪುಸ್ತಕದ ಪಕ್ಕದಲ್ಲಿ ವೇಳೆಯ ಪಟ್ಟಿಯನ್ನು ಅಂಟಿಸಿ, ಶಾಲೆಗೆ ಹೋಗುವ ಮೊಮ್ಮಗಳಿಗೆ ನೆನಪಿಸುವ ಕೆಲಸ ಒಪ್ಪಿಸಬಹುದು.

೨. ಸಾಧ್ಯವಾದಷ್ಟೂ ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಊಟವಾದ ಒಂದು ಗಂಟೆಯ ನಂತರ ನೀರಿನೊಡನೆ ಸೇವಿಸಬೇಕು. ಹಾಲು, ಬೇಳೆ, ಮೊಟ್ಟೆ, ಮಾಂಸಗಳ ಪ್ರೋಟೀನು ಮಾತ್ರೆಯ ಕೆಲಸಕ್ಕೆ ಅಡ್ಡಿ ಮಾಡಬಹುದು. ಅವುಗಳನ್ನು ಬಿಡಬೇಕಾಗಿಲ್ಲ, ವೇಳೆ ಬೇರೆಯಾದರೆ ಸಾಕು.

೩. ಕಬ್ಬಿಣಾಂಶದ ಮಾತ್ರೆಯನ್ನು ಇದರೊಡನೆ ಕೊಡಬಾರದು. ಎರಡರ ನಡುವೆ ಕನಿಷ್ಠ ಎರಡು ಗಂಟೆಯ ಅಂತರವಿರಲಿ.

೪. ಆರಂಭದಲ್ಲಿ ಓಕರಿಕೆ ಬಂದರೆ ಒಂದು ಒಣ ಬಿಸ್ಕತ್ತಿನೊಡನೆ ಮಾತ್ರೆ ಕೊಟ್ಟು ವೈದ್ಯರಿಗೆ ತಿಳಿಸಿರಿ. ಅಂಗಡಿಯಿಂದ ವಾಂತಿಯ ಮಾತ್ರೆ ತರಬೇಡಿರಿ. ಮೇಲೆ ಹೇಳಿದಂತೆ ಅವುಗಳಲ್ಲಿ ಕೆಲವು ರೋಗವನ್ನು ಹೆಚ್ಚಿಸುತ್ತವೆ.

೫. ಮೂತ್ರ, ಬೆವರುಗಳ ಬಣ್ಣ ಗಾಢವಾದರೆ ಭಯಪಡಬೇಕಾಗಿಲ್ಲ. ಆದರೆ ಇಲ್ಲದ್ದು ಕಂಡಂತಾಗುವುದು, ವಿಪರೀತ ಅನುಮಾನ, ಜೂಜು ಖರ್ಚುಗಳ ಹೊಸ ಚಟ, ಮಿತಿಮೀರಿದ ಕಾಮಾಸಕ್ತಿ ಕಂಡುಬಂದರೆ ಅದು ಔಷಧಿಯ ಪರಿಣಾಮವಾಗಿರಬಹುದು. ಜಗಳವಾಡದೆ ವೈದ್ಯರಿಗೆ ತಿಳಿಸಿರಿ.

ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿರಿ

ಮೇಲೆ ಹೇಳಿದ ರೈತರು ಮಾತ್ರೆ ಆರಂಭಿಸಿದ ಕೆಲವು ವಾರಗಳಲ್ಲಿ ಚೆನ್ನಾಗಿ ಸುಧಾರಿಸಿದರು. ತಾವೇ ಹಾಲು ಕರೆದು ಡೈರಿಗೆ ಒಯ್ಯತೊಡಗಿದರು. ಒಂದು ವರ್ಷ ಕಳೆಯಿತು. ಗುಣವಾಯಿತೆಂದು ಅವರೂ, ಖರ್ಚು ಉಳಿಯಿತೆಂದು ಮನೆಯವರೂ ಊರ ಜಾತ್ರೆಯ ವಾರದಿಂದ ಮಾತ್ರೆಯನ್ನು ಪೂರ್ತಿ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಮೈಯೆಲ್ಲ ಮರದ ಕೊರಡಿನಂತೆ ಬಿಗಿಯಿತು, ತೀವ್ರ ಜ್ವರ ಬಂದಿತು, ನುಂಗಲು ಆಗದಾಯಿತು, ಎಚ್ಚರ ತಪ್ಪತೊಡಗಿತು. ಜಿಲ್ಲಾ ಆಸ್ಪತ್ರೆಯಲ್ಲಿ ಹಲವು ದಿನ ಇಟ್ಟು ಅವರನ್ನು ಉಳಿಸಿಕೊಳ್ಳಬೇಕಾಯಿತು. ಮನೆಯವರ ತಪ್ಪನ್ನು ಮಾತ್ರ ಎತ್ತಿ ಹೇಳಿದರೆ ನ್ಯಾಯವಾಗದು. ಇದು ಜೀವಮಾನದ ಔಷಧಿಯೆಂದು ಆರಂಭದಲ್ಲಿಯೇ ಒತ್ತಿ ಹೇಳಬೇಕಾಗಿದ್ದವನು ನಾನು, ಹೇಳಿರಲಿಲ್ಲ. ಅಂದಿನಿಂದ ಪ್ರತಿಯೊಬ್ಬ ರೋಗಿಯ ಚೀಟಿಯಲ್ಲಿಯೂ ಮೊದಲ ಸಾಲಿಗೆ ಇದನ್ನೇ ಬರೆಯುತ್ತೇನೆ.

ಆದ್ದರಿಂದ ನೆನಪಿಡಿರಿ: ಮಾತ್ರೆಯಿಂದ ಆರಾಮವಾಗಿದ್ದಾರೆಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ; ಇನ್ನು ಬೇಡವೆಂದಲ್ಲ. ಮಾತ್ರೆ ಮುಗಿಯುವ ಒಂದು ವಾರ ಮೊದಲೇ ತರಿಸಿಟ್ಟುಕೊಳ್ಳಿರಿ. ನೆಂಟರ ಮನೆಗೆ, ತೀರ್ಥಯಾತ್ರೆಗೆ ಹೋಗುವಾಗ ಜೊತೆಗೆ ಒಯ್ಯಿರಿ. ಬೇರೆ ಕಾರಣಕ್ಕೆ ಆಸ್ಪತ್ರೆ ಸೇರಿದರೂ ಈ ಮಾತ್ರೆಯ ವಿಷಯವನ್ನು ಅಲ್ಲಿನ ವೈದ್ಯರಿಗೆ ಮೊದಲು ತಿಳಿಸಿರಿ. ಹಣದ ಅಡಚಣೆಯಿದ್ದರೆ ನಿಲ್ಲಿಸುವ ಮೊದಲು ಬಂದು ಹೇಳಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ದೊರೆಯುವುದೇ ಎಂದು ವಿಚಾರಿಸಬಹುದು, ಜನೌಷಧಿ ಮಳಿಗೆಯಲ್ಲಿ ಕಡಿಮೆ ಬೆಲೆಯದನ್ನು ಕೇಳಬಹುದು.

ಕೆಲವು ವರ್ಷಗಳ ನಂತರ ಮುಂದಿನ ಮಾತ್ರೆಯ ವೇಳೆ ಬರುವ ಮೊದಲೇ ಬಿಗಿತ ಮರಳಬಹುದು, ಅಥವಾ ಮೈಕೈ ತಾನಾಗಿ ತೊನೆಯಬಹುದು. ಯಾವ ವೇಳೆಯಲ್ಲಿ ಹೇಗಿತ್ತೆಂದು ಒಂದು ವಾರ ಬರೆದಿಟ್ಟು ತೋರಿಸಿದರೆ ವೈದ್ಯರು ಪ್ರಮಾಣವನ್ನು ಹೊಂದಿಸುತ್ತಾರೆ. ಔಷಧಿಯಿಂದ ಹತೋಟಿಗೆ ಬಾರದ ಕೆಲವರಿಗೆ ಮಿದುಳಿನೊಳಗೆ ಸಣ್ಣ ವಿದ್ಯುತ್ ತಂತಿಯನ್ನು ಇಡುವ ಶಸ್ತ್ರಚಿಕಿತ್ಸೆಯಿದೆ. ಅದು ದುಬಾರಿಯಾದುದು, ಎಲ್ಲರಿಗೂ ಹೊಂದುವಂತಹುದಲ್ಲ. ಅದರಿಂದಲೂ ರೋಗ ಹೋಗುವುದಿಲ್ಲ, ಲಕ್ಷಣಗಳು ಕಡಿಮೆಯಾಗುತ್ತವೆ.

ನಸುಗುನ್ನಿಯ ಬೀಜ

ನಮ್ಮ ಬೇಲಿ ಕಾಡುಗಳಲ್ಲಿ ಬೆಳೆಯುವ ನಸುಗುನ್ನಿಯ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ. ಆಯುರ್ವೇದದಲ್ಲಿ ಕಪಿಕಚ್ಛು ಎಂಬ ಹೆಸರಿನಿಂದ ಇದರ ಬಳಕೆಯಿದೆ. ಆದರೆ ಒಂದೊಂದು ಬೀಜದಲ್ಲಿ ಅದರ ಪ್ರಮಾಣ ಒಂದೊಂದು ತೆರನಾಗಿರುತ್ತದೆ. ಮಾತ್ರೆಯ ಜೊತೆಗೆ ಇದನ್ನೂ ತಿಂದರೆ ಪ್ರಮಾಣ ಮೀರಿ ವಾಂತಿ, ರಕ್ತದೊತ್ತಡದ ಕುಸಿತ, ಮನಸ್ಸಿನ ಗೊಂದಲಗಳು ಉಂಟಾಗಬಹುದು. ಆದಕಾರಣ ತಾವಾಗಿ ಪುಡಿ ಮಾಡಿ ತಿನ್ನಬಾರದು. ತಿನ್ನುತ್ತಿದ್ದರೆ ವೈದ್ಯರಿಂದ ಮುಚ್ಚಿಡಬಾರದು.

ಮನೆಯಲ್ಲಿ ಮಾಡತಕ್ಕ ಆರೈಕೆ

ಔಷಧಿಯಷ್ಟೇ ಮುಖ್ಯವಾದುದು ವ್ಯಾಯಾಮ. ಪ್ರತಿದಿನ ಬೆಳಿಗ್ಗೆ ಅರ್ಧ ಗಂಟೆಯಾದರೂ ನಡೆಯಬೇಕು. ಕೈಗಳನ್ನು ಬೀಸಿ, ಹೆಜ್ಜೆಯನ್ನು ಅಗಲವಾಗಿಡಬೇಕು. ಗಟ್ಟಿಯಾಗಿ ಪತ್ರಿಕೆ ಓದುವುದು, ಭಜನೆ ಹೇಳುವುದು ಧ್ವನಿಗೆ ಒಳ್ಳೆಯದು. ನಿಧಾನವಾದರೂ ತಮ್ಮ ಕೆಲಸ ತಾವೇ ಮಾಡಲು ಬಿಡಿರಿ. ಅವಸರಪಡಿಸಿದರೆ ಬಿಗಿತ, ನಡುಕ ಎರಡೂ ಹೆಚ್ಚುತ್ತವೆ.

ಕಾಲು ನೆಲಕ್ಕೆ ಅಂಟಿದಂತೆ ನಿಂತಾಗ ಕೈಹಿಡಿದು ಎಳೆಯಬೇಡಿರಿ, ಬೀಳುತ್ತಾರೆ. ನಿಂತು, ಉಸಿರು ಬಿಟ್ಟು, "ಒಂದು, ಎರಡು" ಎಂದು ಎಣಿಸುತ್ತ ಹೆಜ್ಜೆಯಿಡಲು ಹೇಳಿರಿ. ಹೊಸ್ತಿಲ ಮುಂದೆ ನೆಲದ ಮೇಲೆ ಸುಣ್ಣದ ಅಡ್ಡಗೆರೆಗಳನ್ನು ಎಳೆದರೆ, ಗೆರೆಯನ್ನು ದಾಟುವಂತೆ ಕಾಲೆತ್ತಿ ಇಡುವುದು ಸುಲಭವಾಗುತ್ತದೆ. ಬಚ್ಚಲು ಜಾರದಂತಿರಲಿ, ಹಿಡಿದುಕೊಳ್ಳಲು ಗೋಡೆಗೆ ಒಂದು ಕಂಬಿಯಿರಲಿ. ರಾತ್ರಿ ಓಡಾಡುವ ದಾರಿಯಲ್ಲಿ ದೀಪವಿರಲಿ. ಎದ್ದು ನಿಂತೊಡನೆ ರಕ್ತದೊತ್ತಡ ಇಳಿದು ತಲೆ ಸುತ್ತುವುದುಂಟು. ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು ಅನಂತರ ಏಳಲಿ.

ಮಲಬದ್ಧತೆಗೆ ಸೊಪ್ಪು, ಹಣ್ಣು, ಸಾಕಷ್ಟು ನೀರು ಕೊಡಿರಿ. ಊಟವನ್ನು ನೆಟ್ಟಗೆ ಕುಳಿತು, ಸಣ್ಣ ತುತ್ತುಗಳಲ್ಲಿ, ಮಾತನಾಡದೆ ಮಾಡಲಿ. ನುಂಗುವಾಗ ಕೆಮ್ಮು ಬರುತ್ತಿದ್ದರೆ ದೊಡ್ಡ ಮುದ್ದೆಯ ತುತ್ತು ಅಪಾಯಕರ. ಆಹಾರವನ್ನು ಮೆತ್ತಗೆ ಮಾಡಿಕೊಟ್ಟು ವೈದ್ಯರಿಗೆ ತಿಳಿಸಿರಿ.

ಮನಸ್ಸಿನ ಕುಗ್ಗುವಿಕೆಯೂ ಈ ರೋಗದ ಒಂದು ಭಾಗ. ಅದಕ್ಕೆ ಬೇರೆ ಚಿಕಿತ್ಸೆಯಿದೆ. ದಾಂಪತ್ಯ ಸುಖದಲ್ಲಿ ವ್ಯತ್ಯಾಸವಾದರೂ ವೈದ್ಯರೊಡನೆ ಮಾತನಾಡಲು ಸಂಕೋಚ ಬೇಡ.

ಈ ರೋಗವನ್ನು ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಲಾಗಿದೆ. ರೋಗ ಮುಂದುವರಿದವರು ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ಪ್ರಮಾಣಪತ್ರವನ್ನು ಪಡೆಯಬಹುದು. ವೈಕಲ್ಯವು ಶೇಕಡ ೪೦ ಅಥವಾ ಅದಕ್ಕಿಂತ ಹೆಚ್ಚೆಂದು ನಿರ್ಧಾರವಾದರೆ ಸರ್ಕಾರದ ಸೌಲಭ್ಯಗಳಿಗೆ ಅರ್ಜಿ ಹಾಕಲು ಅದು ಆಧಾರವಾಗುತ್ತದೆ.

ಆರೈಕೆ ಯಾರ ಹೊಣೆ?

ನಮ್ಮ ಮನೆಗಳಲ್ಲಿ ರೋಗಿಯ ಆರೈಕೆಯ ಭಾರವೆಲ್ಲ ಸಾಮಾನ್ಯವಾಗಿ ಸೊಸೆಯ ಮೇಲೆ ಅಥವಾ ಹೆಂಡತಿಯ ಮೇಲೆ ಬೀಳುತ್ತದೆ. ಸ್ನಾನ, ಊಟ, ಮಾತ್ರೆ, ರಾತ್ರಿ ಮಗ್ಗುಲು ಬದಲಿಸುವುದು ಎಲ್ಲವೂ ಅವಳದೇ. ಈ ರೋಗವು ಒಂದೆರಡು ತಿಂಗಳದಲ್ಲ, ಹತ್ತು ಹದಿನೈದು ವರ್ಷಗಳದು. ಒಬ್ಬಳೇ ಹೊತ್ತರೆ ಅವಳೂ ಹಾಸಿಗೆ ಹಿಡಿಯುತ್ತಾಳೆ. ಆದ್ದರಿಂದ ಕೆಲಸವನ್ನು ಹಂಚಿಕೊಳ್ಳಿರಿ. ತಂದೆಯ ಸ್ನಾನ, ಬೆಳಗಿನ ನಡಿಗೆ, ಆಸ್ಪತ್ರೆಯ ಓಡಾಟಗಳನ್ನು ಮಗನು ವಹಿಸಿಕೊಳ್ಳಲಿ. ವಾರದಲ್ಲಿ ಒಂದು ಹೊತ್ತಾದರೂ ಆರೈಕೆ ಮಾಡುವವರಿಗೆ ಬಿಡುವು ದೊರೆಯಲಿ.

ಆ ರೈತರು ಈಗಲೂ ತಿಂಗಳಿಗೊಮ್ಮೆ ಪತ್ನಿಯೊಡನೆ ಬರುತ್ತಾರೆ. ನಡಿಗೆ ನಿಧಾನವಾಗಿದೆ, ಎರಡನೆಯ ಕೈಯೂ ನಡುಗತೊಡಗಿದೆ. ಆದರೂ ಬಸ್ ನಿಲ್ದಾಣದಿಂದ ಆಸ್ಪತ್ರೆಯವರೆಗೆ ತಾವೇ ನಡೆದು ಬರುತ್ತಾರೆ. ಮಾತ್ರೆಯ ಚೀಟಿ ಆಕೆಯ ಸೆರಗಿನ ಗಂಟಿನಲ್ಲಿರುತ್ತದೆ. "ಈಗ ಇವರ ಮುಖ ನೋಡಿ ಸಿಟ್ಟೆಂದುಕೊಳ್ಳುವುದಿಲ್ಲ ಡಾಕ್ಟರೇ, ಮಾತಿನಲ್ಲೇ ಕೇಳಿ ತಿಳಿದುಕೊಳ್ಳುತ್ತೇನೆ" ಎಂದು ಆಕೆ ಕಳೆದ ಸಲ ಹೇಳಿದರು.

ನಿಮ್ಮ ಮನೆಯಲ್ಲಿಯೂ ಯಾರದಾದರೂ ಒಂದು ಕೈ ಬೀಸುವುದನ್ನು ಬಿಟ್ಟಿದೆಯೇ? ಗುಂಡಿ ಹಾಕಲು ತಡವಾಗುತ್ತಿದೆಯೇ? ಹಾಗಿದ್ದರೆ ಮುಪ್ಪೆಂದು ತಳ್ಳಿಹಾಕದೆ ಈ ವಾರವೇ ವೈದ್ಯರಲ್ಲಿಗೆ ಕರೆತನ್ನಿರಿ. ರೋಗಿಯ ಜೊತೆಗೆ, ಅವರನ್ನು ದಿನವೂ ಕಾಣುವವರು ಒಬ್ಬರು ತಪ್ಪದೆ ಬನ್ನಿರಿ.